ರಾಜಿ ಪತ್ರದಲ್ಲಿ ಇಲ್ಲದ ಮಗು

ಹಾಸನ ಸೀಮೆಯಲ್ಲಿ ಗಂಡ ಹೆಂಡತಿಗೆ ಹೊಡೆದ ಸಂಗತಿ ಮನೆಯ ಹೊಸ್ತಿಲು ದಾಟಿದರೆ ಮೊದಲು ಸೇರುವುದು ಪಂಚಾಯ್ತಿ. ಅದು ಹೊಳೆನರಸೀಪುರದ ಕಡೆಯ ಹಳ್ಳಿಯ ಅರಳಿಕಟ್ಟೆಯಾಗಿರಬಹುದು, ಅರಕಲಗೂಡಿನಲ್ಲಿ ನೆಂಟರ ಮನೆಯ ಜಗಲಿಯಾಗಿರಬಹುದು, ಚನ್ನರಾಯಪಟ್ಟಣದಲ್ಲಿ ಠಾಣೆಯ ಬೆಂಚಾಗಿರಬಹುದು. ಎಲ್ಲಿ ಕೂತರೂ ಮಾತು ಬಂದು ನಿಲ್ಲುವುದು ಒಂದೇ ಕಡೆ: 'ಮಕ್ಕಳ ಮುಖ ನೋಡ್ಕೊಂಡು ಹೊಂದ್ಕೊಂಡು ಹೋಗವ್ವ.' ಹಾಗೆ ಹೇಳುವವರಲ್ಲಿ ಬಹುಪಾಲು ಜನ ಕೆಟ್ಟವರಲ್ಲ, ಸಂಸಾರ ಉಳಿಯಲಿ ಎಂಬ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಆ ಮಕ್ಕಳನ್ನು ಕರೆದು ಕೂರಿಸಿ, ರಾತ್ರಿ ಏನು ಕೇಳಿಸಿತು, ನಿದ್ದೆ ಬಂತೇ, ನಾಳೆ ಶಾಲೆಗೆ ಹೋಗಲು ಮನಸ್ಸಿದೆಯೇ ಎಂದು ವಿಚಾರಿಸುವವರು ಆ ಪಂಚಾಯ್ತಿಯಲ್ಲಿ ಇರುವುದಿಲ್ಲ. ಮಗು ಅಲ್ಲಿ ತಾಯಿಯನ್ನು ಒಪ್ಪಿಸಲು ಬಳಸುವ ಒಂದು ಕಾರಣ, ಅಷ್ಟೇ. ಪೆಟ್ಟು ಬಿದ್ದವರ ಲೆಕ್ಕದಲ್ಲಿ ಅದು ಸೇರಬೇಕು, ತಾಯಿಗೆ ಸಿಗುವ ನೆರವಿನ ಜೊತೆಯಲ್ಲೇ ಅದಕ್ಕೂ ಪ್ರತ್ಯೇಕವಾದ ಆಪ್ತಸಮಾಲೋಚನೆ ಸಿಗಬೇಕು, ಅದು ತಾಲ್ಲೂಕಿನಲ್ಲೇ ಸಿಗಬೇಕು ಎಂಬುದು ಈ ಲೇಖನದ ವಾದ.

ಇದು ಎಲ್ಲೋ ನಾಲ್ಕು ಮನೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ. 44.4 ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29.3. ಅದರ ಹಿಂದಿನ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ. 20.6 ಇತ್ತು. ಇದನ್ನು ಲಾಕ್‌ಡೌನ್ ಕಾಲದ ಏರಿಕೆ ಎನ್ನಲಾಗದು. ಕರ್ನಾಟಕದಲ್ಲಿ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿದ್ದು 2019ರಲ್ಲೇ. ಮೊದಲು ಮುಚ್ಚಿಟ್ಟಿದ್ದವರು ಈಗ ಬಾಯಿಬಿಟ್ಟಿರಬಹುದು ಎಂದು ಯಾರಾದರೂ ವಾದಿಸಿದರೆ ಆ ಮಾತಿನಲ್ಲಿ ತಿರುಳಿದೆ. ಹಾಗಿದ್ದರೂ ಉಳಿಯುವ ಅರ್ಥ ಒಂದೇ: ಹಿಂಸೆ ಮೊದಲೂ ಇತ್ತು, ಮನೆಯೊಳಗಿನ ಮಕ್ಕಳು ಅದನ್ನು ಮೊದಲೂ ನೋಡುತ್ತಿದ್ದರು. ಹಿಂಸೆಗೆ ಒಳಗಾದವರಲ್ಲಿ ಅದನ್ನು ನಿಲ್ಲಿಸಲು ಯಾರ ಬಳಿಯಾದರೂ ನೆರವು ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಕೇಳಿದವರೂ ಹೆಚ್ಚಾಗಿ ಹೋದದ್ದು ತವರಿಗೆ. ತಾಯಿಯೇ ಹೊರಗೆ ಹೇಳದ ಮಾತನ್ನು ಆರು ವರ್ಷದ ಮಗು ಯಾರಿಗೆ ಹೇಳೀತು?

'ಚಿಕ್ಕ ಮಕ್ಕಳಿಗೆ ಏನು ಗೊತ್ತಾಗುತ್ತೆ, ದೊಡ್ಡವರಾದ ಮೇಲೆ ಮರೀತಾರೆ' ಎಂಬುದು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ. ಅಮೆರಿಕದಲ್ಲಿ ಕ್ಯಾಥರೀನ್ ಕಿಟ್ಸ್‌ಮನ್ ಮತ್ತು ಸಂಗಡಿಗರು 118 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಇದಕ್ಕೆ ಉತ್ತರ ಕೊಡುತ್ತದೆ. ಅಪ್ಪ ಅಮ್ಮನ ನಡುವಿನ ಹಿಂಸೆಯನ್ನು ಕಂಡ ಮಕ್ಕಳಲ್ಲಿ ಶೇ. 63ರಷ್ಟು ಮಂದಿಯ ಸ್ಥಿತಿ, ಅದನ್ನು ಕಾಣದ ಸಾಮಾನ್ಯ ಮಗುವಿಗಿಂತ ಕೆಟ್ಟದಾಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಏಟು ತಿಂದ ಮಕ್ಕಳಿಗೂ ಏಟು ನೋಡಿದ ಮಕ್ಕಳಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಶಾಲೆಗಳಲ್ಲಿ ಇದು ಬೇರೆ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಡಾಕ್ಟರಿಗೆ ಕಾರಣ ಸಿಗದ ಹೊಟ್ಟೆನೋವು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಬಾಗಿಲು ಜೋರಾಗಿ ಬಡಿದರೆ ಬೆಚ್ಚಿಬೀಳುವುದು, ಸಣ್ಣದಕ್ಕೂ ಕೈ ಎತ್ತುವುದು. ತಾನು ಶಾಲೆಗೆ ಹೋದರೆ ಅಮ್ಮನನ್ನು ಕಾಯುವವರಿಲ್ಲ ಎಂದು ಮನೆಯಲ್ಲೇ ಉಳಿಯುವ ಮಗುವೂ ಉಂಟು, ತಮ್ಮ ತಂಗಿಯರಿಗೆ ಹತ್ತನೇ ವಯಸ್ಸಿಗೇ ತಾಯಿಯಾಗಿಬಿಡುವ ಹುಡುಗಿಯೂ ಉಂಟು. ಆ ಹುಡುಗಿಯನ್ನು ನಾವು 'ಎಷ್ಟು ಜವಾಬ್ದಾರಿ' ಎಂದು ಹೊಗಳುತ್ತೇವೆ. ಮೇಲಿನ ಅಂಕಿಯಲ್ಲಿ ಉಳಿದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳು ಹಿಂದೆ ಬಿದ್ದಿಲ್ಲ ಎಂಬುದನ್ನೂ ಮರೆಯಬಾರದು. ಹಿಂಸೆ ಕಂಡ ಮಗುವಿನ ಹಣೆಬರಹ ಅಲ್ಲಿಗೇ ಮುಗಿಯುವುದಿಲ್ಲ. ಜೊತೆಗೆ ನಿಲ್ಲುವ ಒಬ್ಬ ದೊಡ್ಡವರು ಸಿಕ್ಕರೆ ಅದು ಬದಲಾಗಬಲ್ಲುದು. ಸಮಾಲೋಚನೆಯ ಆಧಾರವೇ ಅದು.

ಕಾನೂನು ಈ ಮಗುವನ್ನು ಅರ್ಧ ಮಾತ್ರ ನೋಡಿದೆ. 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಾದ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮಕ್ಕಳ ತಾತ್ಕಾಲಿಕ ಸುಪರ್ದಿಗೆ, ಖರ್ಚಿಗೆ ಅವಕಾಶವಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ಸಿಡಿಪಿಓಗಳೇ, ಸಂರಕ್ಷಣಾಧಿಕಾರಿಗಳು. ಅವರು ತುಂಬುವ ವರದಿಯ ನಮೂನೆಯಲ್ಲಿ ಮಕ್ಕಳ ಹೆಸರು, ವಯಸ್ಸು, ಲಿಂಗ, ಈಗ ಯಾರ ಜೊತೆ ಇದ್ದಾರೆ ಎಂಬ ಅಂಕಣಗಳಿವೆ. ಮಗು ಏನು ನೋಡಿತು, ಹೇಗಿದೆ ಎಂದು ಕೇಳುವ ಅಂಕಣವಿಲ್ಲ. ಕಾಯ್ದೆಯ 14ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆಪ್ತಸಮಾಲೋಚನೆಗೆ ಕಳಿಸಬಹುದಾದದ್ದು ಗಂಡನನ್ನು, ಹೆಂಡತಿಯನ್ನು ಅಥವಾ ಇಬ್ಬರನ್ನೂ ಒಟ್ಟಿಗೆ. ಮಕ್ಕಳ ಮಾತು ಅಲ್ಲಿ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2021ರಲ್ಲಿ ಬಂದ ಕಾಯ್ದೆ, ಮನೆಯ ಹಿಂಸೆಯನ್ನು ಕಂಡ, ಕೇಳಿದ ಮಗುವೂ ಸ್ವತಃ ಬಾಧಿತ ಎಂದು ನೇರವಾಗಿ ಬರೆದುಕೊಂಡಿತು. ನಮ್ಮ ಕಾಯ್ದೆಗೆ ತಿದ್ದುಪಡಿ ಬರುವವರೆಗೆ ಕಾಯಬೇಕಿಲ್ಲ. ಆ ನಮೂನೆಯ ಜೊತೆ ಒಂದು ಹಾಳೆ ಲಗತ್ತಿಸಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸುವುದನ್ನು ಯಾವ ಕಾನೂನೂ ತಡೆಯುವುದಿಲ್ಲ.

ಆಪ್ತಸಮಾಲೋಚನೆ ಎಂದಕೂಡಲೇ ಬುದ್ಧಿ ಹೇಳುವುದು ಎಂದು ತಿಳಿಯುವವರೇ ಹೆಚ್ಚು. ಹಿಂಸೆ ಕಂಡ ಮಗುವಿಗೆ ಎಲ್ಲಕ್ಕಿಂತ ಕಡಿಮೆ ಬೇಕಾದದ್ದು ಬುದ್ಧಿಮಾತು. ನುರಿತ ಸಮಾಲೋಚಕರು ಮೊದಲು ನೋಡುವುದು ಸುರಕ್ಷತೆ. ಜಗಳ ಶುರುವಾದರೆ ಯಾರ ಮನೆಗೆ ಓಡಬೇಕು, ಮಕ್ಕಳ ಸಹಾಯವಾಣಿ 1098ಕ್ಕೋ ತುರ್ತು ಸಂಖ್ಯೆ 112ಕ್ಕೋ ಫೋನ್ ಮಾಡಿ ಏನು ಹೇಳಬೇಕು, ಬಿಡಿಸಲು ನಡುವೆ ಹೋಗಬಾರದು ಎಂಬುದನ್ನು ಮಗುವಿನ ವಯಸ್ಸಿಗೆ ತಕ್ಕಂತೆ ಗಟ್ಟಿಮಾಡಿಸುತ್ತಾರೆ. ಆಮೇಲೆ ಮಗು ಹೊತ್ತುಕೊಂಡಿರುವ ತಪ್ಪಿತಸ್ಥ ಭಾವಕ್ಕೆ ಬರುತ್ತಾರೆ. ನಾನು ಅನ್ನ ಚೆಲ್ಲಿದ್ದಕ್ಕೆ ಅಪ್ಪ ಅಮ್ಮನಿಗೆ ಹೊಡೆದ, ನಾನು ಕಡಿಮೆ ನಂಬರ್ ತಗೊಂಡಿದ್ದಕ್ಕೆ ಜಗಳ ಆಯ್ತು ಎಂದು ಮಕ್ಕಳು ಒಳಗೇ ನಂಬಿಕೊಂಡಿರುತ್ತಾರೆ. ಅದು ನಿನ್ನ ತಪ್ಪಲ್ಲ ಎಂದು ಒಮ್ಮೆ ಹೇಳಿದರೆ ಇಳಿಯುವ ಭಾರವಲ್ಲ ಅದು. ಚಿತ್ರ ಬರೆಸಿ, ಗೊಂಬೆ ಆಡಿಸಿ, ಕಥೆ ಹೇಳಿಸಿ ವಾರವಾರವೂ ಸ್ವಲ್ಪಸ್ವಲ್ಪವೇ ಇಳಿಸಬೇಕು. ಅಪ್ಪನ ಮೇಲೆ ಪ್ರೀತಿಯೂ ಭಯವೂ ಒಟ್ಟಿಗೇ ಇರಬಹುದು. ಎರಡರಲ್ಲಿ ಒಂದನ್ನು ಆರಿಸು ಎಂದು ಮಗುವನ್ನು ಒತ್ತಾಯಿಸಬಾರದು. ಹೇಳಿದ್ದೆಲ್ಲ ಗುಟ್ಟಾಗಿಯೇ ಉಳಿಯುತ್ತದೆ ಎಂಬ ಸುಳ್ಳು ಭರವಸೆಯನ್ನೂ ಕೊಡಬಾರದು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವರದಿ ಮಾಡಲೇಬೇಕು. ಮಗುವಿಗೆ ಅದನ್ನು ಮೊದಲೇ ತಿಳಿಸುವುದು ಪ್ರಾಮಾಣಿಕತೆ.

ಇದರಿಂದ ಗುಣವಾಗುತ್ತದೆಯೇ ಎಂಬುದಕ್ಕೂ ಪುರಾವೆಯಿದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಲಿಸಿಯಾ ಲೀಬರ್‌ಮನ್ ಮತ್ತು ಸಂಗಡಿಗರು ಹಿಂಸೆ ಕಂಡ ಪುಟ್ಟ ಮಕ್ಕಳನ್ನು ತಾಯಿಯ ಜೊತೆಯಲ್ಲೇ ಕೂರಿಸಿ ಸುಮಾರು ಒಂದು ವರ್ಷ ವಾರಕ್ಕೊಮ್ಮೆ ಸಮಾಲೋಚನೆ ನಡೆಸಿದರು. ಮಕ್ಕಳ ನಡವಳಿಕೆಯ ತೊಂದರೆ, ಭಯದ ಲಕ್ಷಣ ಎರಡೂ ಇಳಿದವು ಎಂದು 2005ರಲ್ಲಿ ವರದಿಯಾಯಿತು. ನಮಗೆ ಇನ್ನೂ ಹತ್ತಿರವಾದದ್ದು 2011ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್‌ನ ಅಧ್ಯಯನ. ಅಲ್ಲಿ ಏಳರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಿಕ್ಕಿದ್ದು ಬರೀ ಎಂಟು ಭೇಟಿ, ಅದೂ ಹೆಂಗಸರ ಆಶ್ರಯ ಕೇಂದ್ರವೊಂದರಲ್ಲಿ. ಹಿಂಸೆ ಮಾಡಿದ ವ್ಯಕ್ತಿಯ ಸಂಪರ್ಕ ಹಲವು ಮಕ್ಕಳಿಗೆ ತಪ್ಪಿರಲಿಲ್ಲ, ಆದರೂ ಆತಂಕ ಕಡಿಮೆಯಾಯಿತು. ತಾಯಿ ಮನೆ ಬಿಟ್ಟು ಬಂದ ಮೇಲೆ ಮಾತ್ರ ಮಗುವಿಗೆ ನೆರವು ಎಂದು ಕಾದು ಕೂರಬೇಕಿಲ್ಲ ಎಂಬುದಕ್ಕೆ ಇದು ಬಲವಾದ ಆಧಾರ.

ಹಾಗಾದರೆ ಇದು ಸಂಸಾರ ಒಡೆಯುವ ಕೆಲಸವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಸಮಾಲೋಚಕರ ಬಳಿ ಹೋದರೆ ಮಗುವನ್ನು ಬಾಲಮಂದಿರಕ್ಕೆ ಹಾಕುತ್ತಾರೆ ಎಂಬ ಹೆದರಿಕೆ ತಾಯಂದಿರಿಗೂ ಇದೆ. ಆ ಹೆದರಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಬರೆದಿದೆ, ಮಕ್ಕಳ ಕಲ್ಯಾಣ ಸಮಿತಿ ಮೊದಲು ನೋಡಬೇಕಾದದ್ದು ಕುಟುಂಬವನ್ನೇ. ಕುಡಿತ ನಿಂತರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ವಾದವಿದೆ. ಕುಡಿತ ಹಿಂಸೆಯನ್ನು ಹೆಚ್ಚಿಸುತ್ತದೆ, ನಿಜ. ಕುಡಿಯದ ಗಂಡಂದಿರ ಮನೆಗಳಲ್ಲೂ ಹಿಂಸೆ ಇದೆ ಎಂದು ಅದೇ ಕುಟುಂಬ ಸಮೀಕ್ಷೆ ತೋರಿಸುತ್ತದೆ. ಅಪ್ಪ ಕುಡಿತ ಬಿಟ್ಟ ದಿನವೇ ಮಗುವಿನ ನಿದ್ದೆ ಮರಳುವುದೂ ಇಲ್ಲ.

ಎಲ್ಲಿ, ಯಾರು ಮಾಡಬೇಕು ಎಂಬ ಪ್ರಶ್ನೆಯಲ್ಲೇ ನಿಜವಾದ ಕಷ್ಟ ಇರುವುದು. ವೈದ್ಯಕೀಯ ಕಾಲೇಜು ಆಸ್ಪತ್ರೆ, ಮಕ್ಕಳ ರಕ್ಷಣಾ ಘಟಕ ಹಾಸನದಲ್ಲಿವೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ತಾಲ್ಲೂಕು ಕೇಂದ್ರಗಳಿಂದ ಹಾಸನಕ್ಕೆ 30ರಿಂದ 40 ಕಿಲೋಮೀಟರ್, ಕೊಣನೂರು, ರಾಮನಾಥಪುರದ ಕಡೆಯಿಂದ ಇನ್ನೂ ದೂರ. ಶುಂಠಿ, ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುವ ತಾಯಿ ವಾರಕ್ಕೊಂದು ದಿನದ ಕೂಲಿ, ಬಸ್ ಚಾರ್ಜು ಕಳೆದುಕೊಂಡು, ಗಂಡನಿಗೆ ನೆಪ ಹೇಳಿ ಎಂಟು ಸಲ ಬರುವುದು ಆಗದ ಮಾತು. ಹೊಸ ಕಟ್ಟಡ ಕಟ್ಟಬೇಕೆಂದು ಯಾರೂ ಕೇಳುತ್ತಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ರಾಜ್ಯದಲ್ಲಿದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ, 14416ರಲ್ಲಿ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಇವುಗಳ ನಡುವೆ ಮಕ್ಕಳ ಕೆಲಸದಲ್ಲೇ ತರಬೇತಾದ ಒಬ್ಬ ಸಮಾಲೋಚಕಿ ಮೂರೂ ತಾಲ್ಲೂಕಿಗೆ ಸರದಿಯಲ್ಲಿ ಓಡಾಡಿದರೂ ಆರಂಭಕ್ಕೆ ಸಾಕು. ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಸಣ್ಣ ಊರಿನಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂಬ ಆಕ್ಷೇಪ ಮಾತ್ರ ಪೂರ್ತಿ ಸರಿ. ಅದಕ್ಕೇ ಅಂಗನವಾಡಿ ಕಾರ್ಯಕರ್ತೆ, ಆಶಾ, ಮೇಷ್ಟ್ರು ಸಮಾಲೋಚನೆಗೆ ಇಳಿಯಬಾರದು. ಅವರೂ ಅದೇ ಊರಿನವರು, ಅದೇ ನೆಂಟಸ್ತಿಕೆಯವರು. ಅವರು ಗುರುತಿಸಿ, ತಲುಪಿಸಿ, ಸುಮ್ಮನಿರಬೇಕು. ಮಾತುಕತೆ ಹೊರಗಿನಿಂದ ಬಂದವರ ಜೊತೆ, ಬೋರ್ಡಿಲ್ಲದ ಕೋಣೆಯಲ್ಲಿ ನಡೆಯಬೇಕು.

ಹದಿಹರೆಯ ದಾಟುತ್ತಿರುವವರ ಸಂಗತಿ ಇನ್ನೂ ತುರ್ತಿನದು. ಮನೆಯಲ್ಲಿ ನೋಡಿದ್ದನ್ನೇ ಪ್ರೀತಿಯ ರೀತಿ ಎಂದು ತಿಳಿದ ಹುಡುಗ ಕಾಲೇಜಿನಲ್ಲಿ ಹುಡುಗಿಯ ಫೋನ್ ಪಾಸ್‌ವರ್ಡ್ ಕೇಳುತ್ತಾನೆ, ಕೊಡದಿದ್ದರೆ ಫೋಟೊ ಹಾಕುತ್ತೇನೆಂದು ಹೆದರಿಸುತ್ತಾನೆ. ಅವನಿಗೆ ಶಿಕ್ಷೆಯ ಭಯ ಬೇಕು, ಅದರ ಜೊತೆಗೆ ತನ್ನ ಸಿಟ್ಟನ್ನು ನಿಭಾಯಿಸಲು ಕಲಿಸುವವರೂ ಬೇಕು. ಯುವಜನರಿಗೆ ಸಲಹೆ ಕೊಡಲು ಜಿಲ್ಲಾ ಕ್ರೀಡಾಂಗಣಗಳಲ್ಲಿ ನಡೆಯುವ ಯುವ ಸ್ಪಂದನ ಕೇಂದ್ರಗಳು ಅಂಥ ಹುಡುಗರನ್ನು ಹುಡುಕಿಕೊಂಡು ಹಾಸ್ಟೆಲ್ಲುಗಳಿಗೆ ಹೋಗಬೇಕು. ಹುಡುಗಿಯರಲ್ಲಿ ಕೆಲವರಿಗೆ ಮನೆಯಿಂದ ಪಾರಾಗುವ ದಾರಿಯಾಗಿ ಕಾಣುವುದು ಮದುವೆ. ಅದೇ ಐದನೇ ಕುಟುಂಬ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿ 18 ತುಂಬುವ ಮೊದಲೇ ಮದುವೆಯಾದವರು. ಹದಿನಾರು ಹದಿನೇಳಕ್ಕೆ ಯಾರದೋ ಜೊತೆ ಹೊರಟುಹೋದ ಹುಡುಗಿ ಸಿಕ್ಕಾಗ ಪ್ರಕರಣ ದಾಖಲಾಗುತ್ತದೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಪ್ರಶ್ನೆಗಳೆಲ್ಲ ಆ ಹುಡುಗನ ಸುತ್ತಲೇ ತಿರುಗುತ್ತವೆ. ಅವಳು ಬಿಟ್ಟುಬಂದ ಮನೆಯಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕು, ತಂದೆ ತಾಯಿಯ ಸುಪರ್ದಿಗೆ ಒಪ್ಪಿಸುವ ಆದೇಶಕ್ಕೆ ಸಹಿ ಬೀಳುವ ಮೊದಲೇ ಕೇಳಬೇಕು. ಹೌದು ಎಂಬ ಉತ್ತರ ಬಂದರೆ ಅವಳಿಗೂ ತಾಯಿಗೂ ಎಷ್ಟು ವಾರದ ಸಮಾಲೋಚನೆ, ಯಾವ ಆಸ್ಪತ್ರೆಯಲ್ಲಿ, ಅವರು ಬರದಿದ್ದರೆ ಮನೆಗೆ ಹೋಗಿ ನೋಡುವವರು ಯಾರು ಎಂಬುದನ್ನು ಆ ಆದೇಶದಲ್ಲೇ ಬರೆಯಬೇಕು.