ಬೆರಳಿನ ಮೇಲೆ ಚಳಿಯ ಕಲೆ

ಶೀತದೇಶಗಳಲ್ಲಿ ಚಳಿಯೂ ತೇವವೂ ಕೂಡಿದ ದಿನಗಳಲ್ಲಿ ಹಲವರ ಬೆರಳುಗಳು ಕೆಂಪಗೆ ಬಾತು, ತುರಿಸಿ, ನೋಯುವುದುಂಟು. ಚಿಲ್‌ಬ್ಲೇನ್ ಎಂದು ಇದರ ಹೆಸರು. ಬೆಚ್ಚಗಿದ್ದರೆ ಕೆಲವು ವಾರಗಳಲ್ಲಿ ಬಾವು ತಾನಾಗಿಯೇ ಇಳಿಯುತ್ತದೆ. ಆದರೆ ಕೆಲವೇ ಮಂದಿಯಲ್ಲಿ, ಅವರಲ್ಲಿಯೂ ಹೆಚ್ಚಾಗಿ ಹೆಂಗಸರಲ್ಲಿ, ನೇರಿಳೆ ಬೆರೆತ ಕೆಂಪು ಗಂಟುಗಳು ಬೆರಳು, ಮೂಗು, ಕಿವಿಗಳ ಮೇಲೆ ಎದ್ದು, ಚಳಿಗಾಲ ಕಳೆದರೂ ಮಾಯದೆ ಉಳಿಯಬಹುದು. ಒಮ್ಮೊಮ್ಮೆ ಒಡೆದು ಹುಣ್ಣಾಗಲೂಬಹುದು. ಇಂಗ್ಲೆಂಡಿನ ವೈದ್ಯ ಜೊನಾಥನ್ ಹಚಿನ್‌ಸನ್ನರು 1888ರಲ್ಲಿ ಇದನ್ನು ‘ಚಿಲ್‌ಬ್ಲೇನ್ ಲೂಪಸ್’ ಎಂದು ವರ್ಣಿಸಿದರು. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ.

ಈ ಅಂಗಗಳೇ ಏಕೆ? ವಸ್ತುವಿನ ಗಾತ್ರ ಕಿರಿದಾದಷ್ಟೂ ಅದಕ್ಕೆ ಹೋಲಿಸಿದಾಗ ಮೇಲ್ಮೈಯ ಹರವು ಹೆಚ್ಚುತ್ತದೆಂಬುದನ್ನು ನಾವು ಬಲ್ಲೆವು. ಆದುದರಿಂದ ಬೆರಳ ತುದಿ ಬೇಗ ಶಾಖ ಕಳೆದುಕೊಳ್ಳುತ್ತದೆ. ಶಾಖವನ್ನು ಉಳಿಸಲು ಅಲ್ಲಿಯ ರಕ್ತನಾಳಗಳು ಕುಗ್ಗುತ್ತವೆ. ಆದರೆ ಚಳಿ ಇಲ್ಲಿ ನೆಪಮಾತ್ರ. ರೋಗದ ಮೂಲ ಇನ್ನೂ ಆಳದಲ್ಲಿದೆ.

ಹೊರನೋಟಕ್ಕೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ವೈದ್ಯರು ಚರ್ಮದ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರಕ್ತನಾಳಗಳ ಸುತ್ತ ಲಿಂಫೋಸೈಟುಗಳೆಂಬ ಬಿಳಿಯ ಕಣಗಳು ಮುತ್ತಿರುವುದು ಎರಡರಲ್ಲಿಯೂ ಉಂಟು. ಲೂಪಸಿನಲ್ಲಿಯಾದರೋ, ಹೊರಚರ್ಮವೂ ಒಳಚರ್ಮವೂ ಸೇರುವ ಗಡಿಯಲ್ಲಿ ಬುಡದ ಸಾಲಿನ ಜೀವಕೋಶಗಳು ಗುಳ್ಳೆಗಟ್ಟಿ ನಶಿಸುತ್ತಿರುತ್ತವೆ. ಹೊಳೆಯುವ ಬಣ್ಣವನ್ನು ಅಂಟಿಸಿದ ಪ್ರತಿಕಾಯಗಳನ್ನು ತುಣುಕಿನ ಮೇಲೆ ಹಾಯಿಸಿ, ತಕ್ಕ ಬೆಳಕಿನಲ್ಲಿ ನೋಡಿದರೆ, ಅನೇಕ ರೋಗಿಗಳಲ್ಲಿ ಆ ಗಡಿಯುದ್ದಕ್ಕೂ ಹಸಿರು ಪಟ್ಟಿಯೊಂದು ಬೆಳಗುತ್ತದೆ. ದೇಹವನ್ನು ಕಾಯಬೇಕಾದ ಪ್ರತಿಕಾಯಗಳು ಸ್ವಂತ ಚರ್ಮದಲ್ಲಿಯೇ ನೆಲೆಯೂರಿವೆಯೆಂಬುದಕ್ಕೆ ಅದು ಸಾಕ್ಷಿ.

ಈ ರೋಗ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿಯೂ ಬರುತ್ತದೆ. ಅಂಥವರಲ್ಲಿ ಟ್ರೆಕ್ಸ್-1 ಎಂಬ ಜೀನು ಕೆಟ್ಟಿರುವುದು 2007ರಲ್ಲಿ ತಿಳಿದುಬಂದಿತು. ಜೀವಕೋಶದೊಳಗೆ ಚೆಲ್ಲಿದ ಡಿ.ಎನ್.ಎ. ಚೂರುಗಳನ್ನು ಗುಡಿಸಿಹಾಕುವ ಕಿಣ್ವವನ್ನು ಕಟ್ಟಲು ಬೇಕಾದ ಸೂಚನೆ ಈ ಜೀನಿನಲ್ಲಿದೆ. ಗುಡಿಸುವವನಿಲ್ಲದೆ ಕಸ ಕೂಡಿದಾಗ ಜೀವಕೋಶವು ಅದನ್ನು ವೈರಸ್ಸೆಂದು ಭ್ರಮಿಸಿ, ಇಂಟರ್‌ಫೆರಾನಿನ ಮೂಲಕ ಯುದ್ಧ ಸಾರುತ್ತದೆ. ಶತ್ರುವಿಲ್ಲದ ಯುದ್ಧದಲ್ಲಿ ನೋಯುವುದು ತನ್ನ ನೆಲವೇ.

ಇದು ಅಂಟುರೋಗವಲ್ಲ, ರೋಗಿಯ ಕೈ ಹಿಡಿಯಲು ಅಂಜಬೇಕಾದುದಿಲ್ಲ. ಕೈಕಾಲುಗಳನ್ನು ಬೆಚ್ಚಗಿಡುವುದು, ಧೂಮಪಾನವನ್ನು ಬಿಡುವುದು, ವೈದ್ಯರು ಕೊಟ್ಟ ಔಷಧಗಳನ್ನು ಸೇವಿಸುವುದು, ಇವುಗಳಿಂದ ಬಹಳ ಮಂದಿಗೆ ಉಪಶಮನ ದೊರೆಯುತ್ತದೆ. ಆದರೆ ಕೆಲವರಲ್ಲಿ ಲೂಪಸ್ ಚರ್ಮವನ್ನು ದಾಟಿ ಕೀಲು, ಮೂತ್ರಪಿಂಡಗಳನ್ನೂ ಮುಟ್ಟುವುದುಂಟು. ಆದಕಾರಣ ಬೇಸಗೆ ಬಂದರೂ ಮಾಯದ ಚಳಿಯ ಕಲೆಯನ್ನು ನಾವು ಅಲಕ್ಷಿಸದೆ ವೈದ್ಯರಿಗೆ ತೋರಿಸಬೇಕು.