ಏರ್‌ಪೋರ್ಟ್ ಪಕ್ಕದ ಕೆರೆ ಮೇಲೆ ಡ್ರೋನ್ ಹಾರಿಸಬಹುದಾ?

ದೇವನಹಳ್ಳಿ, ವಿಜಯಪುರ, ದೊಡ್ಡಬಳ್ಳಾಪುರ ಕಡೆಯ ಹುಡುಗರು ನನಗೆ ಪದೇ ಪದೇ ಕೇಳೋ ಪ್ರಶ್ನೆ ಇದು. "ಅಣ್ಣಾ, ನಮ್ಮ ಕೆರೆಗೆ ಪೈಪಲ್ಲಿ ನೀರು ಬರ್ತಿದೆ. ಒಂದೊಂದು ದಿನ ನೊರೆ ಕಾಣುತ್ತೆ, ಅಂತರಗಂಗೆ ಬೇರೆ ಹಬ್ಬಿದೆ. ತಿಂಗಳಿಗೊಂದು ಸಲ ಡ್ರೋನ್ ಹಾರಿಸಿ ಫೋಟೊ ಇಟ್ಟುಕೊಳ್ಳೋಣ ಅಂತಿದ್ದೀವಿ. ಆದ್ರೆ ಏರ್‌ಪೋರ್ಟ್ ಹತ್ರ, ಹಿಡ್ಕೊಂಡು ಹೋಗ್ತಾರಾ?"

ಉತ್ತರ ಎಲ್ಲರಿಗೂ ಒಂದೇ ಅಲ್ಲ. ಕೆಲವು ಕೆರೆಗಳ ಮೇಲೆ ಯಾರನ್ನೂ ಕೇಳದೆ 60 ಮೀಟರ್‌ವರೆಗೆ ಹಾರಿಸಬಹುದು. ಕೆಲವು ಕಡೆ ಅನುಮತಿ ಬೇಕು. ಇನ್ನು ಕೆಲವು ಕಡೆ ಡ್ರೋನ್ ಆಸೆಯನ್ನೇ ಬಿಡಬೇಕು, ಆದರೆ ಕೆರೆ ಮೇಲೆ ಕಣ್ಣಿಡೋ ಆಸೆ ಬಿಡಬೇಕಿಲ್ಲ. ನಿಮ್ಮ ಕೆರೆ ಯಾವ ಗುಂಪಿಗೆ ಸೇರುತ್ತೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಡ್ರೋನ್ ಖರೀದಿ, ಬಾಡಿಗೆ ಮಾತು ಆಮೇಲೆ.

ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ದಿನಕ್ಕೆ 21 ಕೋಟಿ ಲೀಟರ್‌ನಂತೆ 65 ಕೆರೆಗಳಿಗೆ ತುಂಬಿಸುವ ಗುರಿ ಇದೆ. ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರದ ಕೆರೆಗಳು ಇದರಲ್ಲಿ ಬರುತ್ತವೆ. ಕೆರೆ ತುಂಬಿದರೆ ಅಕ್ಕಪಕ್ಕದ ಬೋರ್‌ವೆಲ್‌ಗೆ ಜೀವ ಬರುತ್ತೆ, ಅದು ಸಂತೋಷವೇ. ಆದರೆ ಅದೇ ನೀರು ದ್ರಾಕ್ಷಿ, ಹಿಪ್ಪುನೇರಳೆ, ಸೊಪ್ಪಿಗೂ ಹೋಗುತ್ತೆ, ದನಕರುಗಳ ಬಾಯಿಗೂ ಹೋಗುತ್ತೆ. ನೀರು ಕೆಟ್ಟಿದೆ ಅಂತ ಬರೀ ಬಾಯಲ್ಲಿ ಹೇಳಿದರೆ ಸಣ್ಣ ನೀರಾವರಿ ಇಲಾಖೆಯಲ್ಲಾಗಲಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಾಗಲಿ ಕಡತ ಮುಂದೆ ಹೋಗೋದು ಕಷ್ಟ. ತಾರೀಖು ಸಮೇತ ಫೋಟೊಗಳಿದ್ದರೆ ಮಾತಿಗೆ ತೂಕ ಬರುತ್ತೆ. ಆದರೆ ಆ ಫೋಟೊ ತೆಗೆದ ರೀತಿಯೇ ಕಾನೂನಿಗೆ ವಿರುದ್ಧವಾಗಿದ್ದರೆ ಕೆರೆ ಮಾತು ಪಕ್ಕಕ್ಕೆ ಸರಿದು ನಿಮ್ಮ ಮೇಲೆ ಕೇಸಾಗುತ್ತೆ. ಡ್ರೋನ್ ನಿಯಮ ಮುರಿದರೆ ದಂಡ 1 ಲಕ್ಷ ರೂಪಾಯಿವರೆಗೆ ಇದೆ.

ಹಸಿರು, ಹಳದಿ, ಕೆಂಪು

2021ರ ಡ್ರೋನ್ ನಿಯಮಗಳ ಪ್ರಕಾರ ಇಡೀ ದೇಶದ ಆಕಾಶವನ್ನು ಮೂರು ಬಣ್ಣದಲ್ಲಿ ಗುರುತಿಸಿದ್ದಾರೆ. ಆ ನಕ್ಷೆ 'ಡಿಜಿಟಲ್ ಸ್ಕೈ' ಜಾಲತಾಣದಲ್ಲಿದೆ, ಫೋನಲ್ಲೇ ತೆರೆದು ನೋಡಬಹುದು. ಹಸಿರು ಇದ್ದರೆ ನೆಲದಿಂದ 400 ಅಡಿ, ಅಂದರೆ ಸುಮಾರು 120 ಮೀಟರ್‌ವರೆಗೆ ಹಾರಿಸಲು ಅನುಮತಿ ಬೇಡ. ಹಳದಿ ಇದ್ದರೆ ಆ ಭಾಗದ ವಿಮಾನ ಸಂಚಾರ ನಿಯಂತ್ರಣ ಕೇಂದ್ರದವರ, ಅಂದರೆ ಎಟಿಸಿಯ ಒಪ್ಪಿಗೆ ಬೇಕು. ಕೆಂಪು ಇದ್ದರೆ ಕೇಂದ್ರ ಸರ್ಕಾರದ ಅನುಮತಿಯೇ ಬೇಕು. ಕೆರೆ ಫೋಟೊಗೆ ಅದನ್ನು ತರೋದು ನಮ್ಮ ನಿಮ್ಮಂಥವರ ಕೈಲಾಗುವ ಕೆಲಸ ಅಲ್ಲ ಅಂತಲೇ ಇಟ್ಟುಕೊಳ್ಳಿ.

ಏರ್‌ಪೋರ್ಟ್ ಸುತ್ತ ಇನ್ನೊಂದು ಲೆಕ್ಕ ಇದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ.ಗೂ 12 ಕಿ.ಮೀ.ಗೂ ನಡುವಿನ ಪಟ್ಟಿಯಲ್ಲಿ 200 ಅಡಿ, ಅಂದರೆ 60 ಮೀಟರ್‌ವರೆಗೆ ಮಾತ್ರ ಹಸಿರು. ಅದರ ಮೇಲೆ ಹಳದಿ. 8 ಕಿ.ಮೀ. ಒಳಗೆ ಬಂದರೆ ನೆಲದಿಂದಲೇ ಹಳದಿ ಅಥವಾ ಕೆಂಪು.

'ಎಲ್ಲೆಯಿಂದ' ಅನ್ನೋ ಪದದ ಮೇಲೆ ಗಮನ ಇಡಿ. ಗೂಗಲ್ ಮ್ಯಾಪ್‌ನಲ್ಲಿ ಏರ್‌ಪೋರ್ಟ್ ಅಂತ ಹೊಡೆದರೆ ಗುರುತು ಟರ್ಮಿನಲ್ ಹತ್ರ ಕೂರುತ್ತೆ. ದೇವನಹಳ್ಳಿ ಏರ್‌ಪೋರ್ಟ್ ಸುಮಾರು 4,000 ಎಕರೆ, ಎರಡೂ ರನ್‌ವೇಗಳು 4 ಕಿ.ಮೀ. ಉದ್ದ. ಟರ್ಮಿನಲ್‌ನಿಂದ 10 ಕಿ.ಮೀ. ಅಂತ ಧೈರ್ಯದಿಂದಿರೋ ಕೆರೆ, ಕಾಂಪೌಂಡ್‌ನಿಂದ ಅಳೆದರೆ 8ರ ಒಳಗೆ ಬಂದುಬಿಡಬಹುದು. ಜೊತೆಗೆ ಆ ಭಾಗದಲ್ಲಿ ಯಲಹಂಕದ ವಾಯುನೆಲೆ, ಜಕ್ಕೂರಿನ ಏರೋಡ್ರೋಮ್ ಕೂಡ ಇವೆ. ಒಂದರಿಂದ ದೂರ ಇದ್ದೀವಿ ಅಂದುಕೊಂಡು ಇನ್ನೊಂದರ ವೃತ್ತದೊಳಗೆ ಕಾಲಿಟ್ಟಿರಬಹುದು. ಆದ್ದರಿಂದ ಕಿಲೋಮೀಟರ್ ಲೆಕ್ಕ ಬರೀ ಅಂದಾಜಿಗೆ. ಕೊನೆ ಮಾತು ನಕ್ಷೆಯದ್ದು.

ಆ ನಕ್ಷೆಯನ್ನೂ ಒಂದು ಸಲ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಲದು, ಹಾರಿಸುವ ದಿನ ಮತ್ತೆ ನೋಡಬೇಕು. ತುರ್ತು ಇದ್ದಾಗ ರಾಜ್ಯ ಸರ್ಕಾರ ಅಥವಾ ಪೊಲೀಸರು ಯಾವುದೇ ಜಾಗವನ್ನು ಒಂದು ಸಲಕ್ಕೆ 96 ಗಂಟೆವರೆಗೆ ತಾತ್ಕಾಲಿಕ ಕೆಂಪು ವಲಯ ಅಂತ ಘೋಷಿಸಬಹುದು. ದೊಡ್ಡ ಗಣ್ಯರು ಬರುವ ದಿನ, ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ಡ್ರೋನ್ ಪೆಟ್ಟಿಗೆಯಲ್ಲೇ ಇರಲಿ.

ಇದು ಬರೀ ಬೆಂಗಳೂರಿನ ಸಮಸ್ಯೆ ಅಂದುಕೊಳ್ಳಬೇಡಿ. ಶಿವಮೊಗ್ಗ, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಮೈಸೂರಿನ ವಿಮಾನ ನಿಲ್ದಾಣ, ಬೀದರ್ ವಾಯುನೆಲೆ, ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ಪರೀಕ್ಷಾ ತಾಣ, ಕಾರವಾರದ ನೌಕಾನೆಲೆ, ಕೈಗಾ, ಇವುಗಳ ಆಸುಪಾಸಿನವರಿಗೂ ಇದೇ ಪಾಠ. ಔಷಧಿ ಹೊಡೆಯೋ ಡ್ರೋನ್‌ಗೂ ಅಷ್ಟೇ. ಹೊಲ ನಿಮ್ಮದಾದರೂ ಅದರ ಮೇಲಿನ ಆಕಾಶದ ಬಣ್ಣ ನಿಮ್ಮ ಪಹಣಿಯಲ್ಲಿ ಇರಲ್ಲ.

60 ಮೀಟರ್‌ನಲ್ಲಿ ಏನು ಸಿಗುತ್ತೆ?

ನಿಮ್ಮ ಕೆರೆ 8-12 ಕಿ.ಮೀ. ಪಟ್ಟಿಯಲ್ಲಿ ಬಂತು ಅಂದುಕೊಳ್ಳೋಣ. 120 ಮೀಟರ್ ಬದಲು 60ರಲ್ಲಿ ಹಾರಿಸಿದರೆ ಒಂದು ಫೋಟೊದಲ್ಲಿ ಬೀಳುವ ಜಾಗ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ. ಅದೇ ಕೆರೆಗೆ ಹೆಚ್ಚುಕಡಿಮೆ ನಾಲ್ಕು ಪಟ್ಟು ಫೋಟೊ ಬೇಕು, ಡ್ರೋನ್ ಎರಡು ಪಟ್ಟು ಸಾಲು ಓಡಬೇಕು. 20 ನಿಮಿಷದ ಕೆಲಸ 40 ನಿಮಿಷ ಆಗುತ್ತೆ, ಬ್ಯಾಟರಿ ಒಂದರ ಬದಲು ಎರಡು-ಮೂರು ಬೇಕು. ಬಾಡಿಗೆಯವನು ಜಾಸ್ತಿ ಕೇಳಿದರೆ ಅದರಲ್ಲಿ ನ್ಯಾಯ ಇದೆ.

ಆದರೆ ಇಡೀ ಕೆರೆ ಹಾರಿಸಲೇಬೇಕಾ? ನನ್ನ ಪ್ರಕಾರ ಬೇಡ. ಫೋಟೊಗಳನ್ನು ಜೋಡಿಸಿ ಒಂದು ದೊಡ್ಡ ನಕ್ಷೆ ಮಾಡೋ ಸಾಫ್ಟ್‌ವೇರ್, ಪಕ್ಕದ ಎರಡು ಫೋಟೊಗಳಲ್ಲಿ ಒಂದೇ ಗುರುತನ್ನು ಹುಡುಕಿ ಹೊಲಿಗೆ ಹಾಕುತ್ತೆ. ಹೊಲದಲ್ಲಿ ಬದು, ಕಲ್ಲು, ಗಿಡ ಸಿಗುತ್ತವೆ. ತೆರೆದ ನೀರಿನ ಮೇಲೆ ಏನು ಸಿಗುತ್ತೆ? ಅಲೆ ಕ್ಷಣಕ್ಕೊಂದು ಥರ ಇರುತ್ತೆ. ಹಾಗಾಗಿ ಕೆರೆ ನಡುಭಾಗ ನಕ್ಷೆಯಲ್ಲಿ ತೂತು ಬೀಳುತ್ತೆ ಇಲ್ಲವೇ ಸೊಟ್ಟಗಾಗುತ್ತೆ. ಬ್ಯಾಟರಿ ಸುಟ್ಟು ತಂದ ಫೋಟೊ ಉಪಯೋಗಕ್ಕೆ ಬರಲ್ಲ.

ಅದಕ್ಕೇ ನಾನು ಹುಡುಗರಿಗೆ ಹೇಳೋದು: ನೀರು ಒಳಗೆ ಬರುವ ಜಾಗ, ತೂಬು, ಕೋಡಿ, ಮತ್ತೆ ಸುತ್ತಲಿನ ಅಂಚು, ಇಷ್ಟನ್ನೇ ಹಿಡಿಯಿರಿ. ನೊರೆ ಮೊದಲು ಕಾಣೋದು ನೀರು ಬೀಳುವಲ್ಲಿ ಮತ್ತು ಕೋಡಿಯಲ್ಲಿ. ಅಂತರಗಂಗೆ ಗಾಳಿಗೆ ತೇಲಿ ಒಂದು ದಡಕ್ಕೆ ಒತ್ತಿಕೊಳ್ಳುತ್ತೆ. ರಾತ್ರಿ ಯಾರಾದರೂ ಟ್ಯಾಂಕರ್ ತಂದು ಸುರಿದರೆ, ಮಣ್ಣು ತೆಗೆದರೆ, ಒತ್ತುವರಿ ಮಾಡಿದರೆ ಅದೂ ಅಂಚಿನಲ್ಲೇ. 60 ಮೀಟರ್‌ನಲ್ಲಿ ಸಾಮಾನ್ಯ ಕ್ಯಾಮೆರಾದ ಒಂದು ಚುಕ್ಕಿ ಅಂದರೆ ನೆಲದ ಮೇಲೆ ಎರಡು ಸೆಂಟಿಮೀಟರ್ ಆಸುಪಾಸು. ಜೊಂಡು ಯಾವುದು, ಅಂತರಗಂಗೆ ಯಾವುದು, ಬರೀ ಪಾಚಿ ಯಾವುದು ಅಂತ ಬೇರೆ ಮಾಡೋಕೆ ಅದು ಧಾರಾಳ. ಪ್ರತಿ ಸಲವೂ ಅದೇ ಜಾಗ, ಅದೇ ಎತ್ತರ, ಹೆಚ್ಚುಕಡಿಮೆ ಅದೇ ಹೊತ್ತು ಇರಬೇಕು. ಇಲ್ಲದಿದ್ದರೆ ಹೋಲಿಸೋಕಾಗಲ್ಲ.

ಹೊತ್ತು ಅಂದರೆ ಬೆಳಿಗ್ಗೆ. ನೆತ್ತಿ ಮೇಲೆ ಸೂರ್ಯ ಇದ್ದಾಗ ನೀರು ಕನ್ನಡಿಯಾಗಿ ಫೋಟೊ ಬೆಳ್ಳಗೆ ಸುಡುತ್ತೆ. ನಮ್ಮ ಕಡೆ ಏಪ್ರಿಲ್ ಕೊನೆ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೇ ಬರೋದರಿಂದ ಆಗ ಈ ಕಾಟ ಜಾಸ್ತಿ. ಬೆಳಿಗ್ಗೆ ಗಾಳಿಯೂ ಕಡಿಮೆ. ಹದ್ದುಗಳು ಮೇಲೆ ಸುತ್ತುತ್ತಿದ್ದರೆ ಡ್ರೋನ್ ಇಳಿಸಿ ಕಾಯಿರಿ. ಅವು ಡ್ರೋನ್ ಮೇಲೆ ಎರಗೋದೂ ಉಂಟು, ಹಕ್ಕಿಗಳನ್ನು ಬೆದರಿಸಿ ಮೇಲಕ್ಕೆ ಎಬ್ಬಿಸೋದು ವಿಮಾನಕ್ಕೂ ಒಳ್ಳೇದಲ್ಲ.

ಎತ್ತರದ ಲೆಕ್ಕದಲ್ಲಿ ಒಂದು ಮೋಸ ಇದೆ. ಡ್ರೋನ್ ತೋರಿಸೋ ಎತ್ತರ ಎದ್ದ ಜಾಗದಿಂದ, ಕೆಳಗಿರೋ ನೆಲದಿಂದ ಅಲ್ಲ. 20 ಮೀಟರ್ ಎತ್ತರದ ಗುಡ್ಡದಿಂದ ಎಬ್ಬಿಸಿ ಪರದೆಯಲ್ಲಿ 55 ಕಾಣ್ತಿದೆ ಅಂತ ಕೆರೆ ಮೇಲೆ ಹೋದರೆ ನೀವು ನಿಜವಾಗಿ 75ರಲ್ಲಿದ್ದೀರಿ, ಅಂದರೆ ಹಳದಿಯಲ್ಲಿ. ಆದ್ದರಿಂದ ತಗ್ಗಿನಲ್ಲಿ, ನೀರಿನ ಮಟ್ಟದ ಹತ್ತಿರ ನಿಂತು ಎಬ್ಬಿಸಿ. ಆಪ್‌ನಲ್ಲಿ ಗರಿಷ್ಠ ಎತ್ತರವನ್ನು 55ಕ್ಕೆ ಕಟ್ಟಿಹಾಕಿ. ಅದರ ಜೊತೆ ಸಿಗ್ನಲ್ ತಪ್ಪಿದಾಗ ಡ್ರೋನ್ ತಾನಾಗಿ ಏರಿ ವಾಪಸ್ ಬರುವ ಎತ್ತರವನ್ನೂ ನೋಡಿ. ಕೆಲವು ಡ್ರೋನ್‌ಗಳಲ್ಲಿ ಕಂಪನಿಯವರು ಇಟ್ಟಿರೋದೇ 60ಕ್ಕಿಂತ ಜಾಸ್ತಿ. ಮರ, ಹೈಟೆನ್ಷನ್ ತಂತಿ ದಾಟುವಷ್ಟು, ಆದರೆ 60 ಮೀರದಷ್ಟು ಇಡಿ. ಮತ್ತೆ, ಆಪ್ ತಡೀಲಿಲ್ಲ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ.

ಇನ್ನೊಂದು ಮಾತು. ಡ್ರೋನ್ ನೀರನ್ನು ಪರೀಕ್ಷೆ ಮಾಡಲ್ಲ. ನೈಟ್ರೇಟ್, ಭಾರಲೋಹ, ರೋಗಾಣು ಯಾವುದೂ ಫೋಟೊದಲ್ಲಿ ಬರಲ್ಲ. ಎಲ್ಲಿಂದ ನೀರಿನ ಸ್ಯಾಂಪಲ್ ತೆಗೀಬೇಕು ಅಂತ ಅದು ತೋರಿಸುತ್ತೆ, ಅಷ್ಟೇ. ಹಾರಿಸಿದ ದಿನವೇ ಅನುಮಾನ ಇರೋ ಜಾಗದ ನೀರನ್ನು, ಲ್ಯಾಬ್‌ನವರೇ ಕೊಟ್ಟ ಬಾಟಲಿಯಲ್ಲಿ ಹಿಡಿದು ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಫೋಟೊ ಮತ್ತು ವರದಿಯ ತಾರೀಖು ಒಂದೇ ಆಗಿದ್ದರೆ ಅರ್ಜಿಗೆ ಬಲ.

ಯಾರ ಕೈಲಿ ಹಾರಿಸೋದು?

250 ಗ್ರಾಂವರೆಗಿನದು ನ್ಯಾನೊ, ಅಲ್ಲಿಂದ 2 ಕೆಜಿವರೆಗೆ ಮೈಕ್ರೊ. ನ್ಯಾನೊಗೆ ಪೈಲಟ್ ಪ್ರಮಾಣಪತ್ರ ಬೇಡ. ಮೈಕ್ರೊವನ್ನು ದುಡ್ಡಿಗಲ್ಲದೆ ಸ್ವಂತಕ್ಕೆ ಹಾರಿಸಿದರೂ ಬೇಡ. ಬಾಡಿಗೆಗೆ ಹಾರಿಸೋನ ಹತ್ರ ಇರಲೇಬೇಕು. ಆದರೆ ಪ್ರಮಾಣಪತ್ರದ ವಿನಾಯಿತಿ ಬೇರೆ, ವಲಯದ ಬಣ್ಣ ಬೇರೆ. ಅಂಗೈಯಗಲದ ಡ್ರೋನ್ ಆದರೂ ಕೆಂಪು ಕೆಂಪೇ.

ಬಾಡಿಗೆಗೆ ಕರೆಸೋದಾದರೆ ಮೂರು ಕಾಗದ ಕೇಳಿ: ಪೈಲಟ್ ಪ್ರಮಾಣಪತ್ರ, ಡ್ರೋನ್‌ನ ನೋಂದಣಿ ಸಂಖ್ಯೆ, ವಿಮೆ. "ಅದೆಲ್ಲಾ ನೋಡ್ಕೋತೀನಿ ಬಿಡಿ ಸಾರ್" ಅನ್ನೋರನ್ನು ಅಲ್ಲಿಗೇ ಬಿಡಿ. ಗಲ್ಫ್‌ನಿಂದ ಭಾವ ತಂದುಕೊಡ್ತಾನೆ ಅಂತ ಕಾಯುತ್ತಿದ್ದರೆ, 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಕಸ್ಟಮ್ಸ್‌ನಲ್ಲೇ ಹೋಗುತ್ತೆ.

ಹಳದಿಯಲ್ಲಿ ಅನುಮತಿ ಕೇಳುವಾಗ ಜಾಗ, ಎತ್ತರ, ದಿನ, ಸಮಯ ನಿಖರವಾಗಿರಲಿ. ಗೂಗಲ್ ಅರ್ಥ್‌ನಲ್ಲಿ ಕೆರೆ ಅಂಚಿಗೆ ಗೆರೆ ಎಳೆದು ಆ ಫೈಲ್ ಇಟ್ಟುಕೊಳ್ಳಿ. "ಇಡೀ ಹೋಬಳಿ, ಇಡೀ ತಿಂಗಳು" ಅಂತ ಕೇಳೋದಕ್ಕಿಂತ "ಈ ತೂಬಿನ ಸುತ್ತ, 40 ಮೀಟರ್, ಬೆಳಿಗ್ಗೆ 7ರಿಂದ 8" ಅಂತ ಕೇಳೋ ಅರ್ಜಿಯನ್ನು ನೋಡೋರಿಗೂ ತೀರ್ಮಾನಿಸೋದು ಸುಲಭ. ಯಲಹಂಕದ ಕಡೆಯಾದರೆ ತೀರ್ಮಾನ ವಾಯುಪಡೆಯವರದ್ದು, ಹೆಚ್‌ಎಎಲ್ ನಿಲ್ದಾಣದ ಕಡೆಯಾದರೆ ಹೆಚ್‌ಎಎಲ್‌ನವರದ್ದು. ಹಸಿರಾಗಲಿ ಹಳದಿಯಾಗಲಿ, ಹಾರಿಸೋ ಮುಂಚೆ ಪಂಚಾಯಿತಿಗೂ ಠಾಣೆಗೂ ಒಂದು ಮಾತು ತಿಳಿಸೋದು ನನ್ನ ಅಭ್ಯಾಸ. ಯಾರೋ ಗಾಬರಿಯಾಗಿ ಫೋನ್ ಮಾಡಿದರೆ ಆಗ ಕೆಲಸಕ್ಕೆ ಬರುತ್ತೆ.

ಕೆಂಪಲ್ಲಿದ್ದರೆ

ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ನಿಮ್ಮ ಕೆರೆ ಫೋಟೊ ತೆಗೀತಾನೇ ಇವೆ, ಪುಕ್ಕಟೆ. 'ಕೋಪರ್ನಿಕಸ್ ಬ್ರೌಸರ್' ಜಾಲತಾಣದಲ್ಲಿ ಊರು ಹುಡುಕಿ, ತಾರೀಖು ಆರಿಸಿ. ಒಂದು ಚುಕ್ಕಿ 10 ಮೀಟರ್‌ಗೆ 10 ಮೀಟರ್, ಅಂದರೆ ಎಕರೆಗೆ ಸುಮಾರು 40 ಚುಕ್ಕಿ. 20 ಎಕರೆ ಕೆರೆಗೆ 800 ಚುಕ್ಕಿ ಆಯ್ತು. ನೊರೆಗೆ ಸಾಲದು, ಕಳೆ ಎಷ್ಟು ಹಬ್ಬಿದೆ ಅನ್ನೋದಕ್ಕೆ ಸಾಕು. ಅಲ್ಲಿ ಎನ್‌ಡಿವಿಐ ಅನ್ನೋ ಆಯ್ಕೆ ಒತ್ತಿ. ಕಣ್ಣಿಗೆ ಕಾಣದ ಒಂದು ಬಗೆಯ ಅತಿಗೆಂಪು ಬೆಳಕನ್ನು ಹಸಿರೆಲೆ ವಾಪಸ್ ಎರಚುತ್ತೆ, ನೀರು ನುಂಗಿಬಿಡುತ್ತೆ. ಹಾಗಾಗಿ ಕಳೆ ಮತ್ತು ನೀರು ಥಟ್ಟನೆ ಬೇರೆಯಾಗಿ ಕಾಣುತ್ತವೆ. ಎರಡು ವರ್ಷ ಹಿಂದಿನ ಚಿತ್ರವನ್ನೂ ತೆಗೆದು ಹೋಲಿಸಬಹುದು, ಇವತ್ತು ಕೊಂಡ ಡ್ರೋನ್‌ಗೆ ಅದು ಆಗಲ್ಲ. ಮಳೆಗಾಲದಲ್ಲಿ ಮೋಡ ಅಡ್ಡ ಬರುತ್ತೆ, ಅದೊಂದೇ ತೊಂದರೆ.

ನೊರೆಗೆ ನಿಮ್ಮ ಫೋನೇ ಸಾಕು. ಏರಿ ಮೇಲೆ ಎರಡು ಕಲ್ಲಿಗೆ ಬಣ್ಣ ಬಳಿದು, ಪ್ರತಿ ಭಾನುವಾರ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಲೊಕೇಶನ್ ಆನ್ ಮಾಡಿ ಒಂದೊಂದು ಫೋಟೊ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ತಾರೀಖು, ಜಾಗದ ಮಾಹಿತಿ ಅಳಿಸಿಹೋಗುತ್ತೆ. ಮೂಲ ಫೈಲನ್ನು ಗೂಗಲ್ ಡ್ರೈವ್‌ನಲ್ಲಿ ತಿಂಗಳಿಗೊಂದು ಫೋಲ್ಡರ್ ಮಾಡಿ ಹಾಕಿಡಿ.