ಬೆಂಗೇರಿಯ ಬಾಡಿಗೆ ಮನೆ: ಆರನೆಯ ಓಡಾಟಕ್ಕೆ ಲೆಕ್ಕ ತಿರುಗುತ್ತದೆ

ಮನೆ ಹುಬ್ಬಳ್ಳಿಯಲ್ಲಿ, ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿಯಲ್ಲಿ. ಮಾಲೀಕರು ಸುಮಾರು 410 ಕಿ.ಮೀ. ದೂರದ ಬೆಂಗಳೂರಿನಲ್ಲಿ. ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಕೆಟ್ಟು, ನೀರು ತುಂಬಿ ಗೋಡೆಗುಂಟ ಇಳಿಯುತ್ತಿದೆ ಎಂದು ಬಾಡಿಗೆದಾರರ ಫೋನು ಬರುತ್ತದೆ. ಪ್ಲಂಬರ್‌ಗೆ ಕೆಲವು ನೂರು ರೂಪಾಯಿ ಸಾಕು. ಅದನ್ನು ಮಾಡಿಸಲು ಬಂದುಹೋಗುವ ಖರ್ಚೇ ಹೆಚ್ಚು. ಹಾಗಾದರೆ ಮನೆಯ ಉಸ್ತುವಾರಿಯನ್ನು ಸಂಬಳಕ್ಕೋ ಕಮಿಷನ್‌ಗೋ ಒಬ್ಬರಿಗೆ ವಹಿಸುವುದು ಯಾವಾಗ ಲಾಭ?

ತಿಂಗಳ ಬಾಡಿಗೆ 12,000 ರೂ., ಉಸ್ತುವಾರಿ ಶುಲ್ಕ ಬಾಡಿಗೆಯ ಶೇ 8 ಎಂದಿಟ್ಟುಕೊಳ್ಳೋಣ.

- ವರ್ಷದ ಬಾಡಿಗೆ: 1,44,000 ರೂ.
- ಶುಲ್ಕ: 11,520 ರೂ.
- ಶೇ 18 ಜಿಎಸ್‌ಟಿ: 2,074 ರೂ.
- ಒಟ್ಟು: 13,594 ರೂ.

ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ಏಜೆಂಟರಾದರೆ 11,520 ರೂಪಾಯಿಗೇ ಮುಗಿಯುತ್ತದೆ.

ಈಗ ಇನ್ನೊಂದು ಬದಿ. ಬಸ್ಸು, ಆಟೊ, ಊಟ ಸೇರಿ ಒಂದು ಓಡಾಟಕ್ಕೆ 2,500 ರೂ. ಹಿಡಿದರೆ ಐದಕ್ಕೆ 12,500, ಆರಕ್ಕೆ 15,000. ಜಿಎಸ್‌ಟಿ ಸೇರಿದ ಶುಲ್ಕವನ್ನು ಆರನೆಯ ಓಡಾಟ ಮೀರಿಸುತ್ತದೆ; ಜಿಎಸ್‌ಟಿ ಇಲ್ಲದಿದ್ದರೆ ಐದನೆಯದೇ. ಅದಕ್ಕಾಗಿ ಹಾಕಿದ ರಜೆಯ ಬೆಲೆ ಇದರಲ್ಲಿಲ್ಲ. ಮನೆ ಒಂದು ತಿಂಗಳು ಖಾಲಿ ಬಿದ್ದರೆ 12,000 ಹೋಯಿತು. ಉಸ್ತುವಾರಿಯವರಿದ್ದರೂ ಮನೆ ಖಾಲಿ ಬೀಳಬಹುದು. ಅವರ ಓಡಾಟದಿಂದ ನಿಜಕ್ಕೂ ಉಳಿದ ತಿಂಗಳನ್ನು ಮಾತ್ರ ಲಾಭಕ್ಕೆ ಬರೆದುಕೊಳ್ಳಿ. ಹೊಸ ಬಾಡಿಗೆದಾರರನ್ನು ಹುಡುಕಿಕೊಡಲು ಬೇರೆ ಕಮಿಷನ್ ಇದೆಯೇ ಎಂಬುದನ್ನು ಮೊದಲೇ ಕೇಳಿ.

ಆದಾಯ ತೆರಿಗೆಯಲ್ಲಿ ಈ ಶುಲ್ಕಕ್ಕೆ ಪ್ರತ್ಯೇಕ ವಿನಾಯಿತಿ ಇಲ್ಲ. ನೀವು ಕಟ್ಟಿದ ಮನೆ ಕರ 4,000 ರೂ. ಎಂದಾದರೆ ಉಳಿದ 1,40,000ದಲ್ಲಿ ಶೇ 30, ಅಂದರೆ 42,000 ರೂ., ದುರಸ್ತಿ ಮಾಡಿಸಿದರೂ ಮಾಡಿಸದಿದ್ದರೂ ಕಳೆಯುತ್ತದೆ. ಶುಲ್ಕವೂ ಅದರೊಳಗೇ.

ಹುಬ್ಬಳ್ಳಿಯ ಕೇಶ್ವಾಪುರದಲ್ಲೋ ವಿದ್ಯಾನಗರದಲ್ಲೋ ಇರುವವರಿಗೆ ಉಸ್ತುವಾರಿಯ ಖರ್ಚು ಬೇಡ. ಸಂಜೆ ಒಂದು ಸುತ್ತು ಬಂದರೆ ಸಾಕು. ಹೊರಊರಿನವರು ವರ್ಷಕ್ಕೆ ಆರು ಸಲ ಓಡಾಡುತ್ತಿದ್ದರೆ ವಹಿಸಿಬಿಡುವುದೇ ಸರಿ. ಆದರೆ ಕರಾರು ಬರಹದಲ್ಲಿರಲಿ, ಬಾಡಿಗೆಯೂ ಡಿಪಾಸಿಟ್ಟೂ ನೇರ ನಿಮ್ಮ ಖಾತೆಗೇ ಬರಲಿ. ನಿರ್ಧರಿಸುವ ಮುನ್ನ ಹೋದ ವರ್ಷ ಎಷ್ಟು ಸಲ ಬಂದಿರಿ, ಎಷ್ಟು ತಿಂಗಳು ಮನೆಗೆ ಬೀಗ ಬಿದ್ದಿತ್ತು ಎಂಬುದನ್ನು ಕೂತು ಎಣಿಸಿ.